ಖಾಲಿ ಬಿಟ್ಟರೆ ಏನು ಕಾಣಬೇಕು

ನಾನು ಬರೆದದ್ದನ್ನು ಅವರು ಓದುತ್ತಿರಲಿಲ್ಲ. ಅಳೆಯುತ್ತಿದ್ದರು.

ಎರಡು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತು ಹನ್ನೊಂದು ವೆಬ್‌ಸೈಟ್ ಮಾಡಿದೆವು. ಪುಟ ಹೇಗೆ ಕಾಣಬೇಕು ಅಂತ ಚಿತ್ರ ಮಾಡಿ ಕೊಡುವುದು ನನ್ನ ಕೆಲಸ. ಆ ಚಿತ್ರವನ್ನು ಬಿಡಿಸಿ, ಯಾವುದು ಗೋಡೆ, ಯಾವುದು ಕಿಟಕಿ, ಯಾವುದು ದಿನಾ ಬದಲಾಗುವ ಸಾಮಾನು ಅಂತ ಗುರುತು ಹಾಕಿ, ನಿಜವಾದ ಸೈಟ್ ಕಟ್ಟುವುದು ಅವರ ಕೆಲಸ. ಗಿರಾಕಿಗಳು ನಮ್ಮನ್ನು ಕೇಳದೆ ತಾವೇ ಹಿಂಬಾಗಿಲಿನಿಂದ ಒಳಗೆ ಹೋಗಿ ಹೆಸರು, ಫೋಟೋ, ನಾಲ್ಕು ಮಾತು ತುಂಬಿಕೊಳ್ಳುವಂತಿರಬೇಕು. ಆ ಹಿಂಬಾಗಿಲಿಗೆ ಅಡ್ಮಿನ್ ಅನ್ನುತ್ತಾರೆ. ನಾನು ಆ ಕಡೆ ತಲೆ ಹಾಕಿದವಳಲ್ಲ. ಮುಂದೆ ಚೆನ್ನಾಗಿ ಕಂಡರೆ ನನಗೆ ಸಾಕು.

ಆಫೀಸಿನಲ್ಲಿ ಅವರಿಗೆ ಹಿಂದಿನಿಂದ 'ಟೇಪು' ಅಂತ ಹೆಸರು. ದರ್ಜಿಯ ಟೇಪು.

ಮೊದಲ ದಿನವೇ ಜಗಳವಾಗಿತ್ತು. ಹಲ್ಲಿನ ಆಸ್ಪತ್ರೆಯೊಂದರ ಡಿಸೈನ್. ಮೂವರು ಡಾಕ್ಟರು, ಮೂರು ನಗುವ ಫೋಟೋ, ಒಬ್ಬೊಬ್ಬರ ಕೆಳಗೆ ಎರಡೆರಡು ಸಾಲು. ತಕ್ಕಡಿಯಲ್ಲಿ ತೂಗಿದ ಹಾಗೆ ಇಟ್ಟಿದ್ದೆ. ಅವರು ಕನ್ನಡಕ ಮೇಲೆ ಮಾಡಿ ನೋಡಿದರು.

"ನಾಲ್ಕನೇ ಡಾಕ್ಟರ್ ಬಂದ್ರೆ?"

"ಬರಲ್ಲ."

"ಬಂದ್ರೆ? ಅವರು ಫೋಟೋ ಕೊಡದಿದ್ರೆ?"

"ಹಲ್ಲಿನ ಡಾಕ್ಟರು ನಗೋ ಫೋಟೋ ಕೊಡದೆ ಇರ್ತಾರೇನ್ರೀ?"

"ಅವರ ಹಲ್ಲೇ ಸರಿ ಇಲ್ಲದಿದ್ರೆ?"

ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನಾನು ನಕ್ಕು ಮೇಲೆ ನೋಡುವಷ್ಟರಲ್ಲಿ ಅವರು ಮುಂದಿನ ಬಾಕ್ಸ್ ಅಳೆಯಲು ಹೋಗಿಯಾಗಿತ್ತು. ಒಂದು ತಿಂಗಳಿಗೆ ನಾಲ್ಕನೆಯ ಡಾಕ್ಟರ್ ಬಂದರು. ಫೋಟೋ ಕೊಡಲಿಲ್ಲ.

ಪ್ರತಿ ಬಾಕ್ಸಿಗೂ ಅವರದು ಮೂರು ಪ್ರಶ್ನೆ. ಖಾಲಿ ಬಿಟ್ಟರೆ ಏನು ಕಾಣಬೇಕು? ಉದ್ದವಾದರೆ ಎಲ್ಲಿ ಮುರಿಯಬೇಕು? ಯಾರು ತುಂಬುತ್ತಾರೆ? ಇದನ್ನೆಲ್ಲ ಬರೆದಿಡಲು ಒಂದು ಪಟ್ಟಿ. ಡಿಸೈನ್ ಕೈಗೊಪ್ಪಿಸುವಾಗ ಒಂದೊಂದು ಬಾಕ್ಸಿಗೂ ಆ ಪಟ್ಟಿಯಲ್ಲಿ ಒಂದು ಸಾಲು ನಾನು ಬರೆಯಬೇಕು. ಬರೆಯದಿದ್ದರೆ ಅವರು ಮುಟ್ಟುತ್ತಿರಲಿಲ್ಲ.

ಡಿಸೈನಿನಲ್ಲಿ ಮಾತಿನ ಜಾಗಕ್ಕೆ ಬೇರೆಯವರು ಅರ್ಥವಿಲ್ಲದ ಅಕ್ಷರ ತುಂಬುತ್ತಾರೆ. ನನ್ನಿಂದ ಅದಾಗುವುದಿಲ್ಲ. ನಾನು ಕಾಲೇಜಿನಲ್ಲಿ ಡಿಸೈನ್ ಕಲಿತವಳಲ್ಲ. ಡಬ್ಬಿ, ಬಾಟಲಿಗಳಿಗೆ ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಹತ್ತು ವರ್ಷ ಕೂತು ಕಣ್ಣು ಪಳಗಿಸಿಕೊಂಡವಳು. ಅರ್ಥವಿಲ್ಲದ ಅಕ್ಷರ ಕಂಡರೆ ನನಗೆ ಮೈ ಉರಿಯುತ್ತದೆ. ಹಾಗಾಗಿ ಬಾಯಿಗೆ ಬಂದದ್ದು ಬರೆಯುತ್ತಿದ್ದೆ. ಮೊದಮೊದಲು ಹೊರಗಿನ ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ. ಒಂದು ದಿನ, ಹಲ್ಲಿನ ಡಾಕ್ಟರ ಫೋಟೋ ಕೆಳಗೆ ಹೀಗೆ ಬರೆದೆ: 'ಎದುರಿಗೆ ಕೂತವರು ಇವತ್ತು ನೀಲಿ ಶರ್ಟ್ ಹಾಕಿದ್ದಾರೆ. ಎಡಗೈ ಗುಂಡಿ ಸಡಿಲವಾಗಿದೆ. ಯಾರಾದರೂ ಹೇಳಬಾರದೇ?'

ಕಳಿಸಿದ ಮೇಲೆ ಅವತ್ತಿಡೀ ಆ ಕಡೆ ತಲೆ ಎತ್ತಲೇ ಇಲ್ಲ.

ಮಾರನೆಯ ದಿನ ಅವರು ಮೇಜಿನ ಆಚೆಯಿಂದ ತಲೆ ಎತ್ತದೆ ಅಂದರು: "ಮೇಡಂ, ಆ ಎರಡನೇ ಡಾಕ್ಟರ ಕೆಳಗಿರೋದು..."

ನಾನು ಪರದೆಯ ಹಿಂದೆ ತಲೆ ತಗ್ಗಿಸಿದೆ.

"ಮೊಬೈಲ್‌ನಲ್ಲಿ ನಾಲ್ಕು ಸಾಲಾಗುತ್ತೆ. ಪರವಾಗಿಲ್ವಾ?"

ಅವತ್ತೂ ಗುಂಡಿ ಸಡಿಲವಾಗಿಯೇ ಇತ್ತು.

ಹಾಗೆ ಶುರುವಾದದ್ದು. ಅವರು ಓದುವುದಿಲ್ಲ ಅಂತ ಗೊತ್ತಾದ ಮೇಲೆ ನನಗೆ ಧೈರ್ಯ ಬಂತು. ಚಪ್ಪಲಿ ಅಂಗಡಿಯ ಸೈಟಿನಲ್ಲಿ ಅವರ ಕೆಮ್ಮಿನ ಬಗ್ಗೆ ಬರೆದೆ. ಹೂಕುಂಡ ಮಾರುವವರ ಸೈಟಿನಲ್ಲಿ, ಅವರು ರಜೆ ಹಾಕಿದ ದಿನ ಮಧ್ಯಾಹ್ನ ಎಷ್ಟು ಉದ್ದವಾಯಿತು ಅಂತ ಬರೆದೆ. ಹನ್ನೊಂದು ಸೈಟ್, ನೂರಾರು ಬಾಕ್ಸ್. ಸೈಟ್ ಲೈವ್ ಆಗಿ ಎಲ್ಲರಿಗೂ ತೆರೆದುಕೊಳ್ಳುವ ದಿನ ನನ್ನ ಮಾತೆಲ್ಲ ಅಳಿಸಿಹೋಗುತ್ತಿತ್ತು. ಅಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ ಅಂದುಕೊಂಡಿದ್ದೆ.

ಮನೆಯಲ್ಲಿ ನಾನು, ಚಿಕ್ಕಮ್ಮ ಇಬ್ಬರೇ. ಚಿಕ್ಕಮ್ಮ ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ಅಂಗಡಿ ಇಟ್ಟವಳು. ಅವಳಿಗೆ ಹೇಳಿದರೆ ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಕ್ಕಳು.

"ಅಳತೆ ತಗೊಳ್ಳೋರು ಮುಖ ನೋಡಲ್ಲ ಕಣೇ. ನಾನೂ ಅಷ್ಟೇ. ಟೇಪು ಕೈಗೆ ಬಂತು ಅಂದ್ರೆ ಭುಜ, ತೋಳು, ಸೊಂಟ. ಯಾರ ಭುಜ ಅನ್ನೋದು ಆಮೇಲೆ. ಬಾಯಿ ಬಿಟ್ಟು ಹೇಳು."

"ಹೇಳಿದ ಮೇಲೆ ಅವರು ಬೇಡ ಅಂದ್ರೆ? ಅದೇ ಮೇಜಿಗೆ ನಾಳೆ ಹೋಗಿ ಕೂರಬೇಕಲ್ಲ."

"ಮೇಜು ಬದಲಾಯಿಸು," ಅಂದಳು. ಅವಳಿಗೆ ಎಲ್ಲವೂ ಸುಲಭ.

ಹನ್ನೊಂದನೆಯದು ಲಿಫ್ಟ್ ಕಂಪನಿಯ ಸೈಟ್. ಊರಿನ ಅರ್ಧ ಕಟ್ಟಡಗಳ ಲಿಫ್ಟ್ ನೋಡಿಕೊಳ್ಳುವವರು. ಶುಕ್ರವಾರ ಹನ್ನೊಂದು ಗಂಟೆಗೆ ಲೈವ್. ಬುಧವಾರ ಬೆಳಿಗ್ಗೆ ಅಲ್ಲಿನ ಯಜಮಾನಿ ಫೋನ್ ಮಾಡಿ, ನಮ್ಮ ಇಪ್ಪತ್ಮೂರು ಮೆಕ್ಯಾನಿಕ್‌ಗಳಿಗೂ ಒಂದೊಂದು ಪುಟ ಇದೆಯಲ್ಲ, ಅದರಲ್ಲಿ 'ಇವರ ಬಗ್ಗೆ ಒಂದು ಮಾತು' ಅಂತ ಇನ್ನೊಂದು ಬಾಕ್ಸ್ ಬೇಕು ಅಂದರು.

ಅದೇ ಬುಧವಾರ, ನಾನು ನೀರು ತರಲು ಹೋದಾಗ, ಅಕೌಂಟ್ಸ್‌ನ ಹೆಂಗಸು ಹೇಳಿದಳು: "ಟೇಪು ಶುಕ್ರವಾರ ಕೊನೇ ದಿನ ಅಂತಲ್ಲ! ಬೇರೆ ಊರಂತೆ. ತಿಂಗಳ ಹಿಂದೇನೇ ಕಾಗದ ಕೊಟ್ಟಿದ್ರಂತೆ. ಎದುರಿಗೇ ಕೂತ್ಕೊಳ್ತೀಯ, ನಿನಗೆ ಹೇಳಲಿಲ್ವಾ?"

ಹೇಳಿರಲಿಲ್ಲ.

ವಾಪಸ್ ಬಂದು ಕೂತೆ. ಅವರು ಎಂದಿನಂತೆ ಪರದೆಗೆ ಮೂಗು ತಾಗಿಸಿ ಕೂತಿದ್ದರು. ನಾನು ಹೊಸ ಬಾಕ್ಸ್ ಎಳೆದೆ. ಅದರೊಳಗೆ ಬರೆದೆ:

'ಇವರು ಹೆಚ್ಚು ಮಾತಾಡುವುದಿಲ್ಲ. ಇವರು ಎಷ್ಟು ಜಾಗ ತುಂಬಿದ್ದರು ಅಂತ ತಿಳಿಯುವುದು ಇವರು ಎದ್ದು ಹೋದ ಮೇಲೆ. ಇವರ ಕುರ್ಚಿ ಖಾಲಿಯಾಗುತ್ತದೆ ಅಂತ ಕೇಳಿದಾಗಿನಿಂದ ನನಗೆ ಜೀವವೇ ಇಲ್ಲ. ಒಂದು ಸಲ, ಒಂದೇ ಒಂದು ಸಲ, ತಿರುಗಿ ನನ್ನ ಕಡೆ ನೋಡಿದ್ದರೆ ಸಾಕಾಗಿತ್ತು.'

ಕಣ್ಣು ಮಂಜಾಗಿತ್ತು. ಪಟ್ಟಿ ತೆರೆಯಲಿಲ್ಲ. ಸಾಲು ಬರೆಯಲಿಲ್ಲ. 'ಒಂದು ಬಾಕ್ಸ್ ಸೇರಿಸಿದ್ದೀನಿ, ನೋಡಿ' ಅಂತ ಮೆಸೇಜ್ ಮಾತ್ರ ಕಳಿಸಿದೆ.

ಪಟ್ಟಿಯಲ್ಲಿಲ್ಲದ್ದನ್ನು ಮುಟ್ಟದ ಮನುಷ್ಯ ಅವತ್ತು, ಅದೊಂದೇ ಸಲ, ಮುಟ್ಟಿದರು. ಐದು ನಿಮಿಷಕ್ಕೆ ಉತ್ತರ ಬಂತು: 'ಮೊಬೈಲ್‌ನಲ್ಲಿ ಎಂಟು ಸಾಲು. ಸರಿಯಿದೆ.'

ಸರಿಯಿದೆಯಂತೆ!

ಶುಕ್ರವಾರ ಕಂಪನಿಯ ವರ್ಕ್‌ಶಾಪ್ ಜನರಿಂದ ತುಂಬಿತ್ತು. ಮೆಕ್ಯಾನಿಕ್‌ಗಳು, ಅವರ ಹೆಂಡಿರು, ಅಮ್ಮಂದಿರು, ಮಕ್ಕಳು. ಒಂದು ಬದಿಗೆ ದೊಡ್ಡ ಪರದೆ. ನಡುವೆ ಗಾಜಿನ ಗೋಡೆಯ ಲಿಫ್ಟ್ ಒಂದು ನಿಂತಿತ್ತು. ಹೊಸಬರಿಗೆ ಕಲಿಸಲು ಇಟ್ಟದ್ದು. ಒಂದೇ ಮಹಡಿ ಹತ್ತಿ ಇಳಿಯುತ್ತದೆ, ಹೊರಗಿನಿಂದ ಅದರ ಹೊಟ್ಟೆಯೆಲ್ಲ ಕಾಣುತ್ತದೆ.

ಅವರು ಪರದೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತಿದ್ದರು. ನೀಲಿ ಶರ್ಟ್. ನಾನು ಕೊನೆಯ ಸಾಲಿನಲ್ಲಿ ಕೂತೆ. ಸಂಜೆಯ ಹೊತ್ತಿಗೆ ಅವರ ಮೇಜು ಖಾಲಿ. ಅದೊಂದನ್ನೇ ಯೋಚಿಸುತ್ತಿದ್ದೆ.

ಯಜಮಾನಿ ಒಂದೊಂದೇ ಪುಟ ತೆರೆದು, ಒಂದೊಂದು ಮಾತನ್ನೂ ಮೈಕಿನಲ್ಲಿ ಓದತೊಡಗಿದರು. 'ಇವರಿಗೆ ಎತ್ತರ ಅಂದರೆ ಭಯ, ಆದರೂ ಹತ್ತುತ್ತಾರೆ.' ಜನ ಶಿಳ್ಳೆ ಹಾಕಿದರು.

ಈ ಮಾತುಗಳನ್ನೆಲ್ಲ ಅಡ್ಮಿನ್‌ನಲ್ಲಿ ತುಂಬಿದ್ದು ಅಲ್ಲಿನ ರಿಸೆಪ್ಷನ್ ಹುಡುಗಿ. ಅವಳು ನನ್ನ ಪಕ್ಕ ಬಂದು ಕೂತು ಪಿಸುಗುಟ್ಟಿದಳು: "ಅಕ್ಕ, ಮೇಸ್ತ್ರಿ ಕೊನೆಗೂ ಬೆಳಿಗ್ಗೆ ಫೋಟೋ ತಂದುಕೊಟ್ರು. ಆತುರಾತುರವಾಗಿ ಸೇರಿಸಿದೆ. ಇಪ್ಪತ್ಮೂರೂ ಆಯ್ತು!"

ಮೇಸ್ತ್ರಿ ಅಂದರೆ ಅಲ್ಲಿ ಎಲ್ಲರಿಗಿಂತ ಹಿರಿಯರು. ಮೂವತ್ತೊಂದು ವರ್ಷದ ಕೆಲಸ, ತಿಂಗಳ ಕೊನೆಗೆ ನಿವೃತ್ತಿ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

"ಅವರ ಬಗ್ಗೆ ಒಂದು ಮಾತು ಏನು ಬರೆದೆ?" ಅಂತ ಸುಮ್ಮನೆ ಕೇಳಿದೆ.

"ಏನೂ ಬೇಡ ಅಂದ್ರು ಅಕ್ಕ. ಖಾಲಿ ಬಿಟ್ಟೆ."

ಖಾಲಿ.

ಖಾಲಿ ಬಿಟ್ಟರೆ ಏನು ಕಾಣಬೇಕು? ಪಟ್ಟಿಯಲ್ಲಿ ಉತ್ತರವಿರಬೇಕಿತ್ತು. ಸೈಟ್ ಕಟ್ಟುವಾಗ, ತುಂಬುವವರಿಗೆ ಅಂದಾಜು ಸಿಗಲಿ ಅಂತ, ಅವರು ಪ್ರತಿ ಬಾಕ್ಸಿನಲ್ಲೂ ನನ್ನ ಡಿಸೈನಿನ ಮಾತನ್ನೇ ಇಟ್ಟಿರುತ್ತಾರೆ. ಲೈವ್‌ಗೆ ಮುಂಚೆ ಪಟ್ಟಿ ನೋಡಿಕೊಂಡು ಒಂದೊಂದೇ ತೆಗೆಯುತ್ತಾರೆ. ಪಟ್ಟಿಯಲ್ಲಿಲ್ಲದ್ದನ್ನು ಹೇಗೆ ತೆಗೆಯುತ್ತಾರೆ? ಉಳಿದ ಇಪ್ಪತ್ತೆರಡು ಪುಟಗಳಲ್ಲಿ ಇವಳು ಬರೆದ ಮಾತು ನನ್ನ ಮಾತನ್ನು ಮುಚ್ಚಿತ್ತು. ಮೇಸ್ತ್ರಿಯ ಪುಟದಲ್ಲಿ ಮುಚ್ಚಲು ಏನೂ ಇರಲಿಲ್ಲ.

"ಅವರ ಪುಟ ಎಷ್ಟನೆಯದು?"

"ಕೊನೇದು ಅಕ್ಕ. ಹಿರಿಯರಲ್ವಾ, ಯಜಮಾನಿ ಕೊನೆಗೇ ಇಟ್ಕೊಂಡಿದ್ದಾರೆ."

ಪರದೆಯ ಮೇಲೆ ಹದಿನೆಂಟನೆಯದು ಓಡುತ್ತಿತ್ತು.

ಲ್ಯಾಪ್‌ಟಾಪ್ ಹತ್ತಿರ ನಿಂತಿದ್ದ ಅವರಿಗೆ ಮೆಸೇಜ್ ಮಾಡಿದೆ. ಅವರ ಫೋನು ಮೇಜಿನ ಮೇಲೆ ಬೋರಲು ಬಿದ್ದಿತ್ತು. ಕೈ ಬೀಸಿದೆ. ಅವರು ಪರದೆ ನೋಡುತ್ತಿದ್ದರು. ಎರಡು ವರ್ಷ ತಿರುಗಿ ನೋಡದವರು ಈಗ ನೋಡುತ್ತಾರೆಯೇ! ಎದ್ದು ಗೋಡೆಯ ಬದಿಯಿಂದ ನುಗ್ಗಿದೆ. ಯಾರದೋ ಕಾಲು ತುಳಿದೆ. ಒಂದು ಕುರ್ಚಿ ಬಿತ್ತು. ಇಪ್ಪತ್ತು. ಇಪ್ಪತ್ತೊಂದು. "ಕೂತ್ಕೊಳ್ಳಮ್ಮ, ಕಾಣ್ತಿಲ್ಲ," ಅಂತ ಹಿಂದಿನಿಂದ ಯಾರೋ ಕೂಗಿದರು. ಇನ್ನು ಹತ್ತು ಹೆಜ್ಜೆ ಇತ್ತು.

"ಕೊನೆಯದಾಗಿ," ಅಂದರು ಯಜಮಾನಿ, "ನಮ್ಮ ಮೇಸ್ತ್ರಿ!"

ಚಪ್ಪಾಳೆ ಸಿಡಿಯಿತು. ಪರದೆಯ ಮೇಲೆ ಮೇಸ್ತ್ರಿಯ ಗಂಟುಮುಖ. ಕೆಳಗೆ ನನ್ನ ಮಾತು.

"ಇವರು ಹೆಚ್ಚು ಮಾತಾಡುವುದಿಲ್ಲ," ಅಂತ ಯಜಮಾನಿ ಓದಿದರು. ಜನ ಗೊಳ್ಳೆಂದರು. "ಇವರು ಎಷ್ಟು ಜಾಗ ತುಂಬಿದ್ದರು ಅಂತ ತಿಳಿಯುವುದು ಇವರು ಎದ್ದು ಹೋದ ಮೇಲೆ." ಯಾರೋ 'ನಿಜ, ನಿಜ' ಅಂದರು. "ಇವರ ಕುರ್ಚಿ ಖಾಲಿಯಾಗುತ್ತದೆ ಅಂತ ಕೇಳಿದಾಗಿನಿಂದ ನನಗೆ ಜೀವವೇ..." ಯಜಮಾನಿಯ ದನಿ ನಿಧಾನವಾಯಿತು. ಉಳಿದದ್ದನ್ನು ಅವರು ಓದಲಿಲ್ಲ. ಓದಬೇಕಾಗಿಯೂ ಇರಲಿಲ್ಲ. ಗೋಡೆಯಷ್ಟು ದೊಡ್ಡ ಅಕ್ಷರ.

ಮುಂದಿನ ಸಾಲಿನಲ್ಲಿ ಮೇಸ್ತ್ರಿಯ ಹೆಂಡತಿ ಎದ್ದು ನಿಂತರು. ಕುಳ್ಳಗಿನ ಗಟ್ಟಿ ಹೆಂಗಸು. ಕೈಯಲ್ಲಿ ಚೀಲ.

"ಯಾರದು?" ಅಂದರು. "ನನ್ನ ಗಂಡ ತಿರುಗಿ ನೋಡಲಿ ಅಂತ ಕಾಯ್ತಾ ಕೂತಿರೋರು ಯಾರು?"

ಮೇಸ್ತ್ರಿ ಗಂಡನಾಗಿ ಆ ಹೊತ್ತಿಗೆ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅಭ್ಯಾಸವಿರಲಿಲ್ಲ.

ಯಜಮಾನಿ ರಿಸೆಪ್ಷನ್ ಹುಡುಗಿಯ ಕಡೆ ತಿರುಗಿದರು. "ಇದನ್ನೆಲ್ಲ ತುಂಬಿದ್ದು ನೀನಲ್ವಾ?"

ಅರವತ್ತು ಮುಖ ಆ ಹುಡುಗಿಯ ಕಡೆ ತಿರುಗಿದವು. ಅವಳು ಎದ್ದು ನಿಂತಳು. "ಬೂದು ಅಕ್ಷರದಲ್ಲಿ ಏನೋ ಇತ್ತು ಮೇಡಂ... ಮೊದಲನೇ ಸಾಲು ನೋಡಿದೆ... ನಿಜಾನೇ ಅಲ್ವಾ ಅಂತ ಬಿಟ್ಟೆ..." ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಅತ್ತರೆ ಜನ ತಪ್ಪಿತಸ್ಥೆ ಅಂದುಕೊಳ್ಳುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇನ್ನೂ ಅತ್ತಳು.

ಆಗ ಪರದೆಯ ಪಕ್ಕದಿಂದ ಬಂದು ಅವರು ಮೈಕು ತೆಗೆದುಕೊಂಡರು.

"ತಪ್ಪು ನನ್ನದು," ಅಂದರು. "ಅದು ಡಿಸೈನ್ ಮಾಡುವಾಗ ಜಾಗ ತುಂಬೋಕೆ ಹಾಕೋ ಸುಮ್ಮನೆ ಮಾತು. ಲೈವ್‌ಗೆ ಮುಂಚೆ ನಾನು ತೆಗೀಬೇಕಿತ್ತು, ತೆಗೀಲಿಲ್ಲ. ಈ ಹುಡುಗಿಗೂ ಮೇಸ್ತ್ರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಅದಕ್ಕೆ ಅರ್ಥಾನೇ ಇಲ್ಲ."

ಎರಡು ವರ್ಷದಲ್ಲಿ ನಾನು ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು. ನನ್ನನ್ನು ಉಳಿಸಲು ಆಡಿದ ಮಾತು. 'ಅರ್ಥಾನೇ ಇಲ್ಲ' ಅಂದದ್ದು ಮಾತ್ರ ಸೂಜಿಯ ಹಾಗೆ ಚುಚ್ಚಿತು.

ಮೇಸ್ತ್ರಿಯ ಹೆಂಡತಿ ಒಪ್ಪಲಿಲ್ಲ. "ಓದೋಕೆ ಬರುತ್ತೆ ಕಣಪ್ಪ ನನಗೆ. ಇದು ಸುಮ್ಮನೆ ಬರೆದಿದ್ದಲ್ಲ. ನೊಂದು ಬರೆದಿದ್ದು. ಯಾರೋ ಹೆಣ್ಣೇ ಬರೆದಿದ್ದು. ಯಾರು ಅಂತ ಹೇಳು, ಇಲ್ಲ ಈ ಹುಡುಗೀನೇ ಹೇಳಲಿ."

ಹುಡುಗಿ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಳು. ನಾಳೆಯಿಂದ ಅವಳು ಇದೇ ಜನರ ಮುಂದೆ ಕೂರಬೇಕು. ನನಗಾದರೆ ಈ ಬಾಗಿಲು ದಾಟಿದರೆ ಮುಗಿಯಿತು. ಇಷ್ಟು ಲೆಕ್ಕ ಹಾಕಲು ಕಾಲೇಜು ಬೇಕಾಗಿರಲಿಲ್ಲ.

"ನಾನು ಬರೆದದ್ದು," ಅಂದೆ.

ದನಿ ಸಣ್ಣದಾಯಿತು. ಮತ್ತೆ ಅಂದೆ. "ನಾನು ಬರೆದದ್ದು ಅಮ್ಮ. ಡಿಸೈನ್ ನಂದು. ನಿಮ್ಮ ಯಜಮಾನರನ್ನ ನಾನು ಇವತ್ತೇ ಮೊದಲು ನೋಡ್ತಿರೋದು."

"ಹಾಗಾದ್ರೆ ಯಾರ ಬಗ್ಗೆ?"

ಹೇಳದೆ ಬಿಡಬಹುದಿತ್ತು. ಆದರೆ ಅರ್ಧ ಹೇಳಿದ ಮಾತು ಮತ್ತೆ ಮೇಸ್ತ್ರಿಯ ಕೊರಳಿಗೇ ಬೀಳುತ್ತದೆ. ಆ ಹೆಂಗಸು ಇವತ್ತು ರಾತ್ರಿ ಮಲಗುವಾಗ ಅನುಮಾನ ಪಡಬಾರದು.

"ಅಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡು ನಿಂತಿದ್ದಾರಲ್ಲ," ಅಂದೆ. "ಅವರ ಬಗ್ಗೆ. ಅವರದ್ದು ಇವತ್ತು ಕೊನೇ ದಿನ."

ಈಗ ಅರವತ್ತು ಮುಖವೂ ಅವರ ಕಡೆ ತಿರುಗಿದವು.

ಅವರು ಪರದೆಯ ಕಡೆ ತಿರುಗಿದರು. ನನ್ನ ಕಡೆ ಅಲ್ಲ. ಆ ನಾಲ್ಕು ಸಾಲನ್ನು ನೋಡುತ್ತ ನಿಂತರು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಾರೆ ಅಂದುಕೊಂಡೆ. ದೇವರಾಣೆ, ಈಗಲೂ ಎಣಿಸುತ್ತಿದ್ದಾರೆ ಅಂತಲೇ ಅಂದುಕೊಂಡೆ.

ಆಮೇಲೆ ಲ್ಯಾಪ್‌ಟಾಪ್ ಮುಂದೆ ಬಗ್ಗಿ, "ಒಂದು ನಿಮಿಷ," ಅಂದರು. ಆ ಮಾತುಗಳನ್ನು ತೆಗೆಯಲು ಹೊರಟಿದ್ದರು.

"ತೆಗೀಬೇಡಪ್ಪ," ಅಂದರು ಮೇಸ್ತ್ರಿಯ ಹೆಂಡತಿ.

ಎಲ್ಲರೂ ಅವರನ್ನು ನೋಡಿದರು. ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. ಕೋಪ ಇಳಿದಿತ್ತು. ಇಳಿದ ಜಾಗದಲ್ಲಿ ಸ್ವಲ್ಪ ನಿರಾಸೆಯೂ ಇದ್ದ ಹಾಗೆ ಕಂಡಿತು.

"ಕೊನೆಯದೆಲ್ಲ ತೆಗಿ. ಮೊದಲಿನ ಎರಡು ಸಾಲು ಇರಲಿ. ಅದು ಇವರಿಗೂ ಸರಿಹೋಗುತ್ತೆ. ಮೂವತ್ತು ವರ್ಷದಿಂದ ನಾನು ಹೇಳಬೇಕು ಅಂತಿದ್ದದ್ದು. ಈ ಮಗು ಚೆನ್ನಾಗಿ ಬರೆದಿದೆ."

ಆಮೇಲೆ ರಿಸೆಪ್ಷನ್ ಹುಡುಗಿಯ ಹತ್ತಿರ ಹೋಗಿ, ಸೆರಗಿನ ತುದಿಯಿಂದ ಅವಳ ಮುಖ ಒರೆಸಿದರು. "ಅಳಬೇಡ. ನನ್ನ ಬಾಯಿ ಮುಂದು," ಅಂದರು.

ಮೇಸ್ತ್ರಿ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. ಜನ ಕಾದರು.

"ಫೋಟೋ ಚೆನ್ನಾಗಿ ಬಂದಿಲ್ಲ," ಅಂದು ಕೂತರು.

ಚಾವಣಿ ಹಾರಿಸುವಂತೆ ನಗು ಎದ್ದಿತು. ಯಜಮಾನಿ ತಿಂಡಿಯ ಕಡೆ ಕೈ ತೋರಿಸಿದರು. ಕುರ್ಚಿಗಳು ಸರಿದವು. ಎರಡು ನಿಮಿಷದಲ್ಲಿ ಯಾರಿಗೂ ನನ್ನ ನೆನಪಿರಲಿಲ್ಲ.

ನಾನು ಗೋಡೆಗೆ ಒರಗಿ ನಿಂತೆ. ಅವರು ಲ್ಯಾಪ್‌ಟಾಪ್ ಎತ್ತಿಕೊಂಡು ಬಂದರು, ನನ್ನಿಂದ ಮೂರು ಅಡಿ ದೂರ ನಿಂತರು. ನೆಲ ನೋಡುತ್ತಿದ್ದರು.

"ಹನ್ನೊಂದರಲ್ಲೂ ಇದೆಯಾ?"

"ಏನು?"

"ಹೀಗೆ ಬರೆದಿರೋದು. ಹನ್ನೊಂದು ಸೈಟಿನಲ್ಲೂ ಇದೆಯಾ?"

ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. "ಇದೆ."

ತಲೆಯಾಡಿಸಿದರು. ಹಾಲ್ ತುಂಬ ಗದ್ದಲ. ಸುತ್ತ ನೋಡಿದರು, ಗಾಜಿನ ಲಿಫ್ಟ್ ಕಂಡಿತು. ಹೋಗಿ ಅದರೊಳಗೆ ನೆಲದ ಮೇಲೆ ಕೂತು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡರು. ಪಕ್ಕದಲ್ಲಿದ್ದ ಮೇಸ್ತ್ರಿ ಏನೂ ಕೇಳದೆ ಹೊರಗಿನ ಗುಂಡಿ ಒತ್ತಿದರು. ಬಾಗಿಲು ಮುಚ್ಚಿತು.

ಹೋಗಿಬಿಡೋಣ ಅನ್ನಿಸಿತು. ಆಗ ರಿಸೆಪ್ಷನ್ ಹುಡುಗಿ ಮೂಗು ಒರೆಸಿಕೊಳ್ಳುತ್ತ ಬಂದಳು.

"ನನ್ನನ್ನ ಕ್ಷಮಿಸಿಬಿಡು," ಅಂದೆ. "ಪಟ್ಟಿಯಲ್ಲಿ ನಾನು ಒಂದು ಸಾಲು ಬರೆದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ."

"ಅದು ಬಿಡಿ ಅಕ್ಕ. ಒಂದು ಕೇಳ್ಲಾ? ನೀವು ಅಡ್ಮಿನ್ ಒಳಗೆ ಯಾವತ್ತೂ ಬಂದಿಲ್ವಾ?"

"ನನಗೇನು ಕೆಲಸ ಅಲ್ಲಿ?"

ಅವಳು ನನ್ನ ಕೈ ಹಿಡಿದು ತನ್ನ ಮೇಜಿಗೆ ಎಳೆದುಕೊಂಡು ಹೋದಳು. ಪರದೆ ತೆರೆದಳು. ಸಾಲಾಗಿ ಬಾಕ್ಸ್‌ಗಳು: ಹೆಸರು, ಫೋಟೋ, ಅನುಭವ. ಒಂದೊಂದರ ಕೆಳಗೂ ಸಣ್ಣ ಅಕ್ಷರದಲ್ಲಿ, ತುಂಬುವವರಿಗೆ ಸೂಚನೆ. ಬರೆದವರು ಅವರು.

ಫೋಟೋ ಬಾಕ್ಸಿನ ಕೆಳಗೆ: 'ದಯವಿಟ್ಟು ದೊಡ್ಡ ಫೋಟೋ ಹಾಕಿ. ಇದರ ಅಂಚು ಸರಿಮಾಡಲು ಡಿಸೈನರ್ ಮೂರು ದಿನ ಕೂತಿದ್ದಾರೆ.'

ಬಣ್ಣದ ಕೆಳಗೆ: 'ಈ ಹಸಿರು ಬದಲಾಯಿಸಬೇಡಿ. ನಲವತ್ತು ಹಸಿರು ನೋಡಿ ಇದನ್ನು ಆರಿಸಿದ್ದಾರೆ. ನಾನು ಎದುರಿಗೇ ಇದ್ದೆ.'

ಶೀರ್ಷಿಕೆಯ ಕೆಳಗೆ: 'ಎರಡು ಸಾಲು ಮೀರದಿರಲಿ. ಮೀರಿದರೆ ಅವರ ಮುಖ ಸಪ್ಪಗಾಗುತ್ತದೆ. ಹೇಳುವುದಿಲ್ಲ, ಆದರೆ ಸಪ್ಪಗಾಗುತ್ತದೆ.'

"ನಾವು ಇಲ್ಲಿ ಇದನ್ನ ಓದಿ ಓದಿ ನಗ್ತಿದ್ವಿ ಅಕ್ಕ," ಅಂದಳು ಹುಡುಗಿ. "ಯಾರಪ್ಪ ಈ ಡಿಸೈನರ್, ಇಷ್ಟೊಂದು ಜೋಪಾನ ಮಾಡ್ತಾರಲ್ಲ ಅಂತ. ನಿಮಗೆ ಗೊತ್ತಿದೆ ಅಂದುಕೊಂಡಿದ್ವಿ."

ಗೊತ್ತಿರಲಿಲ್ಲ. ಇಷ್ಟು ದಿನ ಹಿಂಬಾಗಿಲಿನಲ್ಲಿ ಅವರು ನನ್ನ ಕೆಲಸಕ್ಕೆ ಕಾವಲು ಕೂತಿದ್ದರು. ನಾನು ಮುಂಬಾಗಿಲಿನಲ್ಲಿ ನಿಂತು, ಇವರು ಯಾಕೆ ಬರುವುದಿಲ್ಲ ಅಂತ ಅಳುತ್ತಿದ್ದೆ.

ತಿರುಗಿ ಲಿಫ್ಟಿನ ಕಡೆ ನೋಡಿದೆ. ಗಾಜಿನ ಆಚೆ ಅವರು ನನ್ನ ಹಳೆಯ ಡಿಸೈನುಗಳನ್ನು ತೆರೆದು ಓದುತ್ತಿದ್ದರು. ಬೆರಳು ಸಾಲಿನ ಮೇಲೆ ಓಡುತ್ತಿತ್ತು. ಅಕ್ಷರ ಕಲಿಯುವ ಮಗುವಿನ ಹಾಗೆ ತುಟಿ ಅಲುಗುತ್ತಿತ್ತು. ಒಂದು ಕಡೆ ಬೆರಳು ನಿಂತಿತು. ಎಡಗೈ ಎತ್ತಿದರು. ತೋಳಿನ ತುದಿಯ ಗುಂಡಿಯನ್ನು ಹಿಡಿದು, ಎಳೆದು, ಅಲುಗಿಸಿ ನೋಡಿಕೊಂಡರು.

ನನಗೆ ನಗು ಬಂತು. ಅದರ ಹಿಂದೆಯೇ ಇನ್ನೇನೋ ಬಂತು.

ಬಾಗಿಲು ತೆರೆದಾಗ ನಾನು ಲಿಫ್ಟಿನ ಮುಂದೆ ನಿಂತಿದ್ದೆ. ಅವರು ಕೂತಲ್ಲಿಂದ ಏಳಲಿಲ್ಲ.

"ಎಷ್ಟು ಓದಿದ್ರಿ?"

"ನಾಲ್ಕು ಸೈಟ್. ಚಪ್ಪಲಿ ಅಂಗಡೀದು ಮುಗೀತು." "ಹೂಕುಂಡದ್ದು ಶುರು ಮಾಡಿದ್ದೀನಿ. ಓದ್ತಾ ಹೋದ್ರೆ ಕೈ ನಿಲ್ಲುತ್ತೆ ಅಂತ ಮೊದಲಿಂದಾನೂ ಬರೀ ಅಳೆದೇ ಅಭ್ಯಾಸ. ನಾನು ದಡ್ಡ ಮೇಡಂ."

"ನಾನೇನು ಜಾಣೆಯಾ? ಈಗ ತಾನೇ ನಿಮ್ಮ ಅಡ್ಮಿನ್ ನೋಡಿ ಬಂದೆ."

ಅವರ ಕಿವಿ ಕೆಂಪಾಯಿತು. "ಪ್ರತಿ ಸೈಟಿಗೂ ನಿಮಗೊಂದು ಲಾಗಿನ್ ಮಾಡಿಟ್ಟಿದ್ದೆ. ಮೇಲ್ ಕೂಡ ಕಳಿಸಿದ್ದೆ. 'ಕೊನೆಯ ಭೇಟಿ' ಅಂತ ಒಂದು ಜಾಗ ಇರುತ್ತೆ. ನಿಮ್ಮದರ ಮುಂದೆ ಹನ್ನೊಂದು ಕಡೆಯೂ 'ಇಲ್ಲ' ಅಂತಲೇ ಇತ್ತು. ದಿನಾ ನೋಡ್ತಿದ್ದೆ. ಹೋದ ತಿಂಗಳು ನೋಡೋದು ಸಾಕು ಅನ್ನಿಸ್ತು."

"ಅದಕ್ಕೇ ಬೇರೆ ಊರಾ?"

"ಅದಕ್ಕೇ."

"ಬಾಯಿ ಇರಲಿಲ್ವಾ ನಿಮಗೆ?"

"ನಿಮಗೆ?"

ನಾನು ಒಳಗೆ ಹೋಗಿ ಎದುರಿಗೆ ಕೂತೆ. ಮೇಜಿಲ್ಲದೆ ಅವರ ಎದುರಿಗೆ ಕೂತದ್ದು ಅದೇ ಮೊದಲು.

"ಸೋಮವಾರ ಸೇರ್ತೀನಿ ಅಂತ ಮಾತು ಕೊಟ್ಟಿದ್ದೀನಿ," ಅಂದರು. "ತಪ್ಪಿಸೋಕಾಗಲ್ಲ. ಮೂರು ಗಂಟೆ ದಾರಿ."

"ತಪ್ಪಿಸಬೇಡಿ. ಕೊಟ್ಟ ಮಾತು ಕೊಟ್ಟಿದ್ದೇ. ವಾರಕ್ಕೊಂದು ಭಾನುವಾರ ಇದೆ, ಬಸ್ಸಿದೆ." ಆಮೇಲೆ, ಅವರದೇ ದನಿಯಲ್ಲಿ ಕೇಳಿದೆ: "ಖಾಲಿ ಬಿಟ್ಟರೆ ಏನು ಕಾಣಬೇಕು?"

"ಯಾವುದನ್ನ?"

"ಭಾನುವಾರ."

ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಆ ಮನುಷ್ಯ. "ಖಾಲಿ ಬಿಡೋಕೆ ಬರದ ಹಾಗೆ ಮಾಡೋಣ," ಅಂದರು.

"ಈ ಭಾನುವಾರ ಚಿಕ್ಕಮ್ಮನ ಅಂಗಡಿಗೆ ಬನ್ನಿ. ಮೊದಲು ಆ ಗುಂಡಿ ಸರಿಮಾಡಿಸೋಣ."

ಹೊರಗೆ ಮೇಸ್ತ್ರಿ ಕೈಕಟ್ಟಿಕೊಂಡು ನಿಂತಿದ್ದರು. ನಮ್ಮನ್ನು ನೋಡಿದರು, ತಿಂಡಿಯ ಸಾಲಿನಲ್ಲಿದ್ದ ಹೆಂಡತಿಯನ್ನು ನೋಡಿದರು. ಅವತ್ತಿನ ಹತ್ತು ಮಾತಿನಲ್ಲಿ ಉಳಿದವನ್ನು ನಮಗೇ ಖರ್ಚು ಮಾಡಿದರು.

"ಮೇಲೆ ಯಾರೂ ಇಲ್ಲ. ನಿಧಾನವಾಗಿ ಹೋಗಿ ಬನ್ನಿ."

ಗುಂಡಿ ಒತ್ತಿದರು. ಬಾಗಿಲು ಮುಚ್ಚಿತು. ಲಿಫ್ಟ್ ಒಮ್ಮೆ ನಡುಗಿ ನೆಲ ಬಿಟ್ಟಿತು. ಅವರು ಲ್ಯಾಪ್‌ಟಾಪ್ ಮಡಿಚಿ ಪಕ್ಕಕ್ಕಿಟ್ಟು, ಕನ್ನಡಕ ಮೇಲೆ ಮಾಡಿ, ನನ್ನ ಕಡೆ ತಿರುಗಿ ನೋಡಿದರು.

ಎಷ್ಟು ಹೊತ್ತು ನೋಡಿದರು ಅಂತ ಚಿಕ್ಕಮ್ಮ ಆಮೇಲೆ ಕೇಳಿದಳು. ಅಳೆಯುವುದು ಅವರ ಕೆಲಸ, ನನ್ನದಲ್ಲ. ಅವತ್ತು ಅವರೂ ಅಳೆಯಲಿಲ್ಲ.